ಮಾವನ ಕೈಗೆ ಕೊಟ್ಟ ಹಿಟ್ಟು

ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ನೇತ್ರಾವತಿಗೆ ಗೊತ್ತಾಯಿತು, ಇವತ್ತೂ ಒಣಗಿಲ್ಲ. ಆ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತದೆ. ಒಳಗೆ ಕಾಲಿಟ್ಟರೆ ಶೇಂಗಾ ಸಿಪ್ಪೆಯ ಹಾಸು ಪಾದದಡಿ ಚರಚರ ಅನ್ನಬೇಕಿತ್ತು, ಅನ್ನದೆ ಅಂಟಿಕೊಂಡಿತು. ಬಿಳಿ ಕೋಳಿಗಳು ಸರಿದು ದಾರಿ ಬಿಟ್ಟವು. ಕೆಲವು ಸರಿಯಲಿಲ್ಲ, ಒಂದು ಕಾಲನ್ನು ಹೊಟ್ಟೆಗೆ ಮಡಚಿಕೊಂಡು ನಿಂತಲ್ಲೇ ನಿಂತಿದ್ದವು. ಅವಳು ಒಂದನ್ನು ಎತ್ತಿ ತಿರುಗಿಸಿದಳು. ಹಿಂಬದಿಯ ಪುಕ್ಕಕ್ಕೆ ಹಿಕ್ಕೆ ಮೆತ್ತಿ ಗಟ್ಟಿಯಾಗಿತ್ತು, ಅಂಗಾಲಲ್ಲಿ ಕಡಲೆಕಾಳಿನಷ್ಟು ಕಪ್ಪು ಹುಣ್ಣು. ಬಟ್ಟೆಯ ತುದಿಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ನೆನೆಸಿ ಒರೆಸತೊಡಗಿದಳು. ಎಳೆದರೆ ಚರ್ಮವೇ ಬರುತ್ತದೆ, ನೆನೆಯುವ ತನಕ ಕಾಯಬೇಕು. ಮಗಳು ಚೈತ್ರಾ ಕೂಸಾಗಿದ್ದಾಗ ಹೀಗೇ ತೊಡೆಯ ಮೇಲೆ ಬೋರಲು ಹಾಕಿಕೊಂಡು ಕಾದಿದ್ದಳು. ಏನು ಕುಡಿಸಿದರೂ ಅರಗುತ್ತಿರಲಿಲ್ಲ ಆ ಮಗುವಿಗೆ. ಹೊಳಲ್ಕೆರೆಯ ಡಾಕ್ಟರು ಕೊಟ್ಟ ಪುಡಿಯನ್ನು ಬಿಸಿ ರಾಗಿ ಗಂಜಿಯಲ್ಲಿ ಕದಡಿ ಚಮಚದ ತುದಿಯಿಂದ ಇಷ್ಟಿಷ್ಟೇ ಹಾಕಿದ್ದಳು, ಮಗು ಉಳಿಯಿತು. ಈಗ ಅದೇ ಹುಡುಗಿ ತಾಳ್ಯದ ಶಾಲೆಗೆ ಹೋಗುವಾಗ ಜಡೆ ಬಿಗಿಯಾಯಿತು ಎಂದು ಜಗಳ ಆಡುತ್ತಾಳೆ. ಕೈಯಲ್ಲಿದ್ದ ಕೋಳಿ ಕೊಕ್ಕು ತೆರೆದು ಮುಚ್ಚಿತು. ಇದಕ್ಕೂ ಮೇವು ಅರಗಲೆಂದೇ ಅಲ್ಲವೇ ಅವಳು ದಿನಾ ಬೆಳಿಗ್ಗೆ ಅಷ್ಟು ಜೋಪಾನ ಮಾಡುತ್ತಿದ್ದದ್ದು? ಮತ್ತೆ ಏಕೆ ಹೀಗೆ?

ಇವತ್ತು ಪ್ರಸನ್ನಕುಮಾರ್ ಬರುತ್ತಾನೆ. ಹೊಳಲ್ಕೆರೆಯಲ್ಲಿ ಕೋಳಿ ಆಹಾರದ ಅಂಗಡಿ ಇಟ್ಟುಕೊಂಡು ಸುತ್ತಲಿನ ಶೆಡ್ಡುಗಳಿಗೆ ಇದನ್ನು ಹಾಕಿ, ಅದನ್ನು ಬಿಡಿ ಎಂದು ಹೇಳಿಕೊಂಡು ತಿರುಗುವವನು. ಈ ಸಲ ಮರಿ ಇಳಿಸಿದಾಗ ಅವನೇ ಹೇಳಿದ್ದ, ಮೆಕ್ಕೆಜೋಳ ಕಮ್ಮಿ ಮಾಡಿ ಗೋಧಿ ನುಚ್ಚು, ಸೂರ್ಯಕಾಂತಿ ಹಿಂಡಿ ಸೇರಿಸ್ರಿ ಅಂತ. "ಒಂದೇ ಮಾತು. ಇವು ಕೋಳಿ ಹೊಟ್ಯಾಗೆ ಅಂಟಿನಂಗಾಗ್ತವೆ. ಈ ಎಂಜೈಮ್ ಪುಡಿ ಅದನ್ನ ಸಣ್ಣಗೆ ತುಂಡು ಮಾಡಿ ಬಿಡಿಸ್ತೈತೆ. ಪುಡಿ ತಪ್ತೋ, ಹಿಕ್ಕೆ ನೀರಾಗ್ತೈತೆ, ಹಾಸು ಕೆಸರಾಗ್ತೈತೆ. ಯಜಮಾನ್ರೆ, ತಿಳೀತಾ?" ಎಂದು ಮಾವ ಮುದ್ದಪ್ಪನ ಕಡೆ ನೋಡಿ ಜೋರಾಗಿ, ಕಿವುಡರಿಗೆ ಹೇಳುವಂತೆ ಹೇಳಿದ್ದ. ಮಾವನಿಗೆ ಕಿವಿ ಚೆನ್ನಾಗಿಯೇ ಇದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆ ತಿರುಗುವ ಸದ್ದು ತನಗೆ ಕೇಳುತ್ತದೆ ಅನ್ನುತ್ತಾರೆ. ಅವರಿಗೆ ಮಸುಕಾಗುತ್ತಿರುವುದು ಬೇರೆ. ಹಿಂದಿನ ಸಲದ ಕೋಳಿಗಳಿಗೆ ಒಂದೇ ಬೆಳಿಗ್ಗೆ ಎರಡು ಸಲ ಉಪ್ಪು ಬೆರೆಸಿಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಅವು ನೀರಿನ ತಟ್ಟೆಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಅವಳ ಗಂಡ ರಂಗೇಶ್ ಸತ್ತ ಕೋಳಿಗಳನ್ನು ಚೀಲಕ್ಕೆ ತುಂಬುತ್ತಾ ಅಪ್ಪನ ಮುಖ ನೋಡದೆ, "ಇನ್ನೊಂದ್ಸಲ ಹಿಂಗಾದ್ರೆ ಲತಕ್ಕನ ಮನಿಗೆ ಬಿಟ್ಟು ಬರ್ತೀನಿ. ರಾಮಗಿರಿಯಾಗೆ ಕಟ್ಟೆ ಮ್ಯಾಲೆ ಕುಂತು ರೈಲು ನೋಡ್ಕಂಡಿರ್ಲಿ" ಎಂದಿದ್ದ. ಲತಕ್ಕ ಅವನ ಅಕ್ಕ, ರಾಮಗಿರಿಗೆ ಕೊಟ್ಟವಳು. ಮಾವ ಬೋರಿನ ತೊಟ್ಟಿಯ ಬಳಿ ಹೋಗಿ ಎಷ್ಟೋ ಹೊತ್ತು ಕೈ ತೊಳೆದರು.

ಜೀವಮಾನವೆಲ್ಲ ಕುರಿ ಕಾಯ್ದ ಕೈ ಅದು. ಮೊಣಕಾಲು ಸೋತ ಮೇಲೆ ಕುರಿ ಮಾರಿದರು. ಮಾರಿದ ಮೇಲೆ ಮಾವ ಒಂದು ಮಳೆಗಾಲ ಪೂರ್ತಿ ಗುಡಿಸಲ ಕಂಬಕ್ಕೆ ಒರಗಿ ಕೂತರು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ರಂಗೇಶ್ ಹಳ್ಳದ ಆಚೆ ಶೆಡ್ಡು ಕಟ್ಟಿಸಿದಾಗ ಹಟ್ಟಿಯ ಹಿರಿಯರು ಮುಖ ತಿರುಗಿಸಿದರು. ಹಟ್ಟಿಯ ಮುಳ್ಳುಬೇಲಿಯೊಳಗೆ ಕೋಳಿ ಬರಕೂಡದು. ಕೋಳಿಯ ಪುಕ್ಕ ಬರಕೂಡದು, ಕೋಳಿಯ ಮೇವಿನ ಒಂದು ಕಾಳೂ ಬರಕೂಡದು. ಹಿಂದಿನಿಂದ ನಡೆದು ಬಂದದ್ದು ಅದು. ಹಾಗಾಗಿ ಶೆಡ್ಡಿನಲ್ಲಿ ಉಟ್ಟ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು, ತೊಟ್ಟಿಯಲ್ಲಿ ತಲೆಗೆ ನೀರು ಹಾಕಿಕೊಂಡೇ ಮನೆಗೆ ಬರಬೇಕು. ಆದರೂ ಅತ್ತೆ ಗಂಗಕ್ಕ ಬೇಲಿಯ ಬಾಯಲ್ಲಿ ನಿಲ್ಲಿಸಿ ಅವಳ ಕೂದಲನ್ನು ಹೇನು ಹುಡುಕುವಂತೆ ಬಿಡಿಸಿ ನೋಡುತ್ತಾರೆ. ಬಾವಿಗೆ ಹೋಗುವ ಹೆಂಗಸರು ನಿಂತು ನೋಡುತ್ತಾರೆ. "ಇನ್ನೊಂದು ಕಿವಿ ಹಿಂದ್ಲ ನೋಡಕ್ಕ, ಒಂದು ಮೊಟ್ಟೆ ಸಿಕ್ಕೀತು" ಎಂದು ಒಮ್ಮೆ ಹುಲಿಗೆಮ್ಮ ನಕ್ಕಿದ್ದಳು. ಹಟ್ಟಿಯವರು ಯಾರೂ ಹಳ್ಳದ ಕಡೆ ತಲೆ ಹಾಕದಿದ್ದಾಗ ಕಂಬ ಬಿಟ್ಟೆದ್ದು ಶೆಡ್ಡಿಗೆ ಬಂದವರು ಮಾವ ಒಬ್ಬರೇ. ಮೊದಲ ದಿನ ಒಂದು ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದ್ಕೇ ಏನು ಇಷ್ಟೊಂದು ಹೆದ್ರದು? ಇದೂ ಚಳಿಗೆ ನಡುಗ್ತೈತಲ್ಲವ್ವ" ಅಂದಿದ್ದರು. ಆ ದಿನದಿಂದ ಮೇವು ಬೆರೆಸುವುದು ಅವರ ಕೆಲಸವಾಯಿತು. ಅವರಿಗೆ ಬೇರೆ ಕೆಲಸ ಉಳಿದಿರಲಿಲ್ಲ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಹಾಗಾಗಿಯೇ ಅವಳು ಹಾಗೆ ಮಾಡಿದ್ದು. ಪ್ರಸನ್ನಕುಮಾರ್ ಪುಡಿ ಕೊಟ್ಟು ಹೋದ ಸಂಜೆ, ಮಾವ ತೊಟ್ಟಿಯ ಬಳಿ ಇದ್ದಾಗ, ಡಬ್ಬದಲ್ಲಿದ್ದ ಎಂಜೈಮನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಡಬ್ಬಕ್ಕೆ ಸಣ್ಣಗೆ ಜರಡಿ ಹಿಡಿದ ಮೆಕ್ಕೆಜೋಳದ ಹಿಟ್ಟು ತುಂಬಿದಳು. ಬಣ್ಣ ಹೆಚ್ಚು ಕಡಿಮೆ ಒಂದೇ. ಮಾವ ಎರಡು ಸಲ ಹಾಕಿದರೂ, ಹಾಕುವುದನ್ನೇ ಮರೆತರೂ ಇನ್ನು ತೊಂದರೆ ಇಲ್ಲ. ಬೆಳಿಗ್ಗೆ ಅವರು ಶೆಡ್ಡಿಗೆ ಬರುವ ಮೊದಲೇ ಅವಳು ಬಂದು ನಿಜವಾದ ಪುಡಿ ಬೆರೆಸಿಬಿಡುತ್ತಿದ್ದಳು. ಮೇವಿನ ರಾಶಿ ಅಷ್ಟು ದೊಡ್ಡದು, ಪುಡಿ ಇಷ್ಟೇ ಇಷ್ಟು, ಎಲ್ಲ ಕಡೆ ಸೇರುವುದು ಹೇಗೆ? ಚೈತ್ರಾಳ ಗಂಜಿ ನೆನಪಾಯಿತು. ಶೆಡ್ಡಿನಲ್ಲಿ ಒಲೆ ಇಲ್ಲ, ಮನೆಯಲ್ಲಿ ನಸುಕಿಗೇ ಒಲೆ ಉರಿಯುತ್ತಿರುತ್ತದೆ. ಕವರನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು, ಬೇಲಿಯ ಬಾಯಲ್ಲಿ ಅತ್ತೆ ಕೂದಲು ನೋಡುವಾಗ ಉಸಿರು ಬಿಗಿಹಿಡಿದು, ಹಟ್ಟಿಯೊಳಗೆ ತಂದಳು. ಅತ್ತೆ ಕಸ ಚೆಲ್ಲಲು ಹೋದಾಗ ಕುದಿಯುವ ತೆಳು ಗಂಜಿಗೆ ಪುಡಿ ಸುರಿದು, ಗಂಟಾಗದಂತೆ, ತಳ ಹಿಡಿಯದಂತೆ ತಿರುವಿ, ಹಾಲಿನ ಕ್ಯಾನಿಗೆ ಬಗ್ಗಿಸಿ ಮುಚ್ಚಳ ಹಾಕಿ, ಶೆಡ್ಡಿಗೆ ತಂದು ಮೇವಿನ ರಾಶಿಗೆ ಬೆರೆಸಿದಳು. ದಿನಾ ಹಾಗೇ. ಮನೆಯವರ ರಾಗಿಮುದ್ದೆ ತಿರುವುವ ಒಲೆಯ ಮೇಲೆ ಕೋಳಿಯ ಮೇವು. ಸಿಕ್ಕಿಬಿದ್ದರೆ ಏನಾಗುತ್ತದೆಂದು ಗೊತ್ತಿತ್ತು, ನಿಜ. ಆದರೆ ಮಾವ ಶೆಡ್ಡಿನಲ್ಲಿ ತಮ್ಮ ಡಬ್ಬ ತೆಗೆದು, ಅಳತೆಯ ಲೋಟದ ಅಂಚನ್ನು ಹೆಬ್ಬೆರಳಿಂದ ಸವರಿ ಸಮ ಮಾಡಿ, ಹಿಟ್ಟನ್ನು ಹಿಟ್ಟಿಗೆ ಬೆರೆಸಿ, "ಆತು ನೋಡವ್ವ, ಎಂಜೈಮು" ಅನ್ನುವಾಗ ಅವಳಿಗೆ ಒಂದು ಬಗೆಯ ನೆಮ್ಮದಿ ಇರುತ್ತಿತ್ತು. ಅಡುಗೆ ಮಾಡುವಾಗ ಮಗುವಿನ ಕೈಗೆ ಹಿಟ್ಟಿನ ಉಂಡೆ ಕೊಟ್ಟು ಕೂರಿಸಿದ ತಾಯಿಯ ನೆಮ್ಮದಿ. ಆ ಹೋಲಿಕೆ ಮನಸ್ಸಿಗೆ ಬಂದಾಗೆಲ್ಲ ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಹೊರಗೆ ಬೈಕಿನ ಸದ್ದು. ರಂಗೇಶನ ಹಿಂದೆ ಕೂತು ಪ್ರಸನ್ನಕುಮಾರ್ ಬಂದಿದ್ದ. ಮಾವ ತೊಟ್ಟಿಯ ಕಡೆಯಿಂದ ಎದ್ದು ಬಂದು ಟವೆಲಿನಿಂದ ಕುರ್ಚಿ ಒರೆಸಿದರು. "ಬರ್ರಿ, ಕುಂತ್ಕಳ್ರಿ." ಅವನು ಕೂರಲಿಲ್ಲ. ಮೂಗಿಗೆ ಕರ್ಚೀಫು ಹಿಡಿದು ಒಳಗೆ ಹೋದ, ಹಾಸನ್ನು ಹಿಡಿಯಲ್ಲಿ ಎತ್ತಿ ಹಿಂಡಿದ, ಬೆರಳ ಸಂದಿಯಿಂದ ನೀರು ಇಳಿಯಿತು. ಒಂದು ಕೋಳಿಯ ಕಾಲು ನೋಡಿದ, ಇನ್ನೊಂದರದು ನೋಡಿದ, ಹೊರಗೆ ಬಂದು ಕೈ ಜಾಡಿಸಿದ. "ಏನ್ ಯಜಮಾನ್ರೆ, ಕೋಳಿ ಸಾಕ್ತಿದ್ದೀರೋ, ಗದ್ದೆ ನಾಟಿ ಮಾಡ್ಸಾಕ್ ಹೊಂಟೀರೋ?" ಮಾವ ನಕ್ಕರು. ತಮಾಷೆ ಅಂದುಕೊಂಡರು. ಅವರ ನಗು ಇನ್ನೂ ಮುಖದ ಮೇಲೆ ಇರುವಾಗಲೇ ಅವನು, "ಪುಡಿ ಹಾಕಿದ್ರಾ ದಿನಾ?" ಎಂದ.

"ದಿನಾ ಹಾಕೀನಿ, ಸ್ವಾಮಿ."

"ಎಲ್ಲಿ, ಡಬ್ಬ ತರ್ರಿ."

ನೇತ್ರಾವತಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಮಾವ ಡಬ್ಬ ತಂದು ಎರಡೂ ಕೈಯಿಂದ ಕೊಟ್ಟರು. ಪ್ರಸನ್ನಕುಮಾರ್ ಮುಚ್ಚಳ ತೆಗೆದು ಒಳಗೆ ನೋಡಿದ, ರಂಗೇಶನಿಗೆ ತೋರಿಸಿದ. ಡಬ್ಬ ಕಂಠದ ತನಕ ತುಂಬಿತ್ತು. ಮೊನ್ನೆ, ತಳ ಕಾಣುತ್ತಿದೆ ಎಂದು, ಹೆಚ್ಚು ಯೋಚಿಸದೆ, ಅವಳೇ ತುಂಬಿಸಿಟ್ಟಿದ್ದಳು. ಹಿಟ್ಟು ತೀರಬಾರದು, ಮಾವನ ಕೆಲಸ ತೀರಬಾರದು ಎಂಬುದೊಂದೇ ತಲೆಯಲ್ಲಿತ್ತು.

"ನಾನ್ ಕೊಟ್ಟಷ್ಟೂ ಇಲ್ಲೇ ಐತಲ್ರಿ. ಒಂದು ಚಮಚ ಆದ್ರೂ ಕೋಳಿ ಹೊಟ್ಟಿಗೆ ಹೋಗೇತಾ?"

ಮಾವ ಡಬ್ಬದೊಳಗೆ ಬಗ್ಗಿ ನೋಡಿದರು. ಅವರ ಕತ್ತಿನ ಹಿಂದಿನ ಸುಕ್ಕುಗಳು ಅವಳಿಗೆ ಕಾಣುತ್ತಿದ್ದವು. ಅವರು ಬಹಳ ಹೊತ್ತು ನೋಡಿದರು, ಅಲ್ಲಿ ತಾವು ಕಳೆದುಕೊಂಡ ಬೆಳಗುಗಳು ಇರುವ ಹಾಗೆ. ಆಮೇಲೆ ಕತ್ತೆತ್ತಿ, ಯಾರಿಗೆ ಹೇಳಬೇಕೆಂದು ತಿಳಿಯದೆ, ಮಗನಿಗೂ ಪ್ರಸನ್ನಕುಮಾರನಿಗೂ ನಡುವಿನ ಜಾಗಕ್ಕೆ ಹೇಳಿದರು. "ಹಾಕೀನಿ ಅಂತ ಇತ್ತು ನಂಗೆ. ಕೈಯಾಗೆ ಲೋಟ ಹಿಡ್ದಿದ್ದೆಲ್ಲ ನೆಪ್ಪೈತೆ. ಆದ್ರೆ ಡಬ್ಬ ಹಿಂಗೈತಲ್ಲ. ಮರ್ತಿರ್ಬೇಕಪ್ಪ."

ಹೇಳು, ಎಂದುಕೊಂಡಳು ನೇತ್ರಾವತಿ. ಆದರೆ ಪುಡಿ ಹೋಗಿದೆಯಲ್ಲ, ನಾನೇ ಹಾಕಿದ್ದೇನಲ್ಲ, ಹಾಗಾದರೆ ಹಿಕ್ಕೆ ನೀರಾದದ್ದು ಬೇರೆ ಯಾವುದರಿಂದಲೋ ಇರಬೇಕು, ಅದು ಗೊತ್ತಾದರೆ ಮಾವನ ಮೇಲಿನ ಮಾತು ತಾನಾಗಿ ಹೋಗುತ್ತದೆ, ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಹೀಗೆ ಒಂದರ ಹಿಂದೆ ಒಂದು ಯೋಚನೆ ಬಂತು, ಅವು ಎಷ್ಟು ಚುರುಕಾಗಿ ತನ್ನ ಸಹಾಯಕ್ಕೆ ಬಂದವು ಎಂದು ಅವಳಿಗೇ ನಾಚಿಕೆಯಾಯಿತು. ರಂಗೇಶ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಾಳೆ ಹೊತ್ತಾರೆ ಹೋಗಾಣ ನಡಿಯಪ್ಪ. ಲತಕ್ಕಂಗೆ ಫೋನ್ ಮಾಡ್ತೀನಿ" ಎಂದ, ದಣಿದ ದನಿಯಲ್ಲಿ. ಮಾವ ಆಗಲಿ ಎಂದು ತಲೆಯಾಡಿಸಿ ತೊಟ್ಟಿಯ ಕಡೆ ನಡೆದರು. ಇನ್ನೂ ಮಧ್ಯಾಹ್ನ ಆಗಿರಲಿಲ್ಲ, ಮೈ ತೊಳೆಯುವ ಹೊತ್ತಲ್ಲ. ಅವರು ಅಂಗಿ ಬಿಚ್ಚತೊಡಗಿದರು.

"ಇನ್ಮ್ಯಾಲೆ ಪುಡಿ ನೀವೇ ನೋಡ್ಕಳ್ರಿ ನೇತ್ರಮ್ಮ" ಎಂದು ಪ್ರಸನ್ನಕುಮಾರ್ ಅವಳ ಕಡೆ ತಿರುಗಿದ. "ಹೆಂಗೆಂಗೋ ಹಾಕ್ಬ್ಯಾಡ್ರಿ ಮತ್ತೆ. ಹೊಸದುರ್ಗದ ಕಡೆ ಒಬ್ಬ, ಚಳಿ ಅಂತ ಕುದಿಯೋ ನೀರಾಗೆ ಕಲಸಿ ಹಾಕ್ದ. ಪುಡಿ ಸತ್ತೋತು. ಅವನ ಶೆಡ್ಡೂ ಹಿಂಗೇ ಕೆಸರು."

"ಸಾಯಾಕೆ ಅದಕ್ಕೇನು ಜೀವ ಐತಾ?" ಎಂದ ರಂಗೇಶ್.

"ಜೀವ ಇಲ್ಲಪ್ಪ, ಕೆಲಸ ಐತೆ. ಕಾವಿಗೆ ಆ ಕೆಲಸ ಸಾಯ್ತೈತೆ. ಕುದಿಯೋ ಹಾಲಿಗೆ ಹೆಪ್ಪು ಹಾಕಿ ನೋಡು, ಮೊಸರಾಗ್ತೈತಾ?"

ತಳ ಹಿಡಿಯದಂತೆ. ಗಂಟಾಗದಂತೆ. ಗಂಜಿಯ ಮೇಲೆ ಗುಳ್ಳೆಗಳು ಏಳುತ್ತಿದ್ದವು, ಅವಳು ಅವುಗಳ ಮೇಲೆಯೇ ಸುರಿಯುತ್ತಿದ್ದಳು, ಒಂದು ಕಣವೂ ಕವರಿನಲ್ಲಿ ಉಳಿಯದಂತೆ ತುದಿಯನ್ನು ಕೊಡವಿ. ಎಷ್ಟು ಶ್ರದ್ಧೆ. ಶ್ರದ್ಧೆ ಇಲ್ಲದಿದ್ದರೆ, ಸೋಮಾರಿಯಾಗಿ ಒಣಹಿಟ್ಟಿಗೆ ಹಾಗೇ ಎರಚಿದ್ದರೆ, ಈ ಕೋಳಿಗಳು ಎರಡು ಕಾಲಿನ ಮೇಲೆ ನಿಂತಿರುತ್ತಿದ್ದವು. ಅಥವಾ ಏನನ್ನೂ ಮಾಡದೆ ಡಬ್ಬವನ್ನು ಮಾವನ ಕೈಯಲ್ಲೇ ಬಿಟ್ಟಿದ್ದರೆ. ಅವರು ಒಂದು ದಿನ ಎರಡು ಸಲ ಹಾಕುತ್ತಿದ್ದರು, ಇನ್ನೊಂದು ದಿನ ಮರೆಯುತ್ತಿದ್ದರು, ಆದರೂ ತಣ್ಣಗೆ ಹಾಕುತ್ತಿದ್ದರು. ತೊಟ್ಟಿಯ ಬಳಿ ತಂಬಿಗೆಯ ನೀರು ಬೆನ್ನಿನ ಮೇಲೆ ಬಿದ್ದ ಸದ್ದಾಯಿತು. ಮಾವ ಶೆಡ್ಡನ್ನು ಮೈಯಿಂದ ತೊಳೆದುಕೊಳ್ಳುತ್ತಿದ್ದರು. ನಾಳೆ ಅವರು ರಾಮಗಿರಿಯ ಕಟ್ಟೆಯ ಮೇಲೆ ಕೂತು, ನಾನು ಮರೆತೆನಲ್ಲ ಎಂದು ಪ್ರತಿ ರೈಲಿಗೂ ನೆನೆಯುತ್ತಾರೆ. ಮರೆಯದೇ ಇದ್ದುದನ್ನು.

"ಮಾವ ಮರ್ತಿಲ್ಲ" ಎಂದಳು.

ರಂಗೇಶ್ ತಿರುಗಿಯೂ ನೋಡಲಿಲ್ಲ. "ನೀನ್ ವಹಿಸ್ಕಂಡ್ ಬರಬ್ಯಾಡ ಸುಮ್ನಿರು."

"ವಹಿಸ್ಕತ್ತಿಲ್ಲ ಕಣ್ರಿ. ಡಬ್ಬದಾಗಿರದು ಪುಡಿನೇ ಅಲ್ಲ."

"ಪಾಪ, ಮಾವನ ಮ್ಯಾಲೆ ಪ್ರೀತಿ" ಎಂದು ಪ್ರಸನ್ನಕುಮಾರ್ ನಕ್ಕ. ಅವಳು ಮುಂದೆ ಬಂದು ಡಬ್ಬಕ್ಕೆ ಕೈ ಹಾಕಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡಳು, ಇನ್ನೊಂದು ಚಿಟಿಕೆ ಅವನ ಅಂಗೈಗೆ ಹಾಕಿದಳು. ಅವನು ಮೂಸಿದ, ಬೆರಳಲ್ಲಿ ಉಜ್ಜಿದ, ಅವನ ನಗು ನಿಂತಿತು. "ಮೆಕ್ಕೆಜೋಳದ ಹಿಟ್ಟು" ಎಂದ. ಆಗ ರಂಗೇಶ್ ತಿರುಗಿದ. ಮತ್ತೆ ಪುಡಿ ಎಲ್ಲಿ ಎಂದು ಕೇಳಿದ್ದು ಇಬ್ಬರಲ್ಲಿ ಯಾರು ಎಂದು ಅವಳು ಗಮನಿಸಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕವರನ್ನು ತೆಗೆದು ತೋರಿಸಿದಳು, ಮೈಯ ಶಾಖಕ್ಕೆ ಅದು ಬೆಚ್ಚಗಾಗಿತ್ತು. ದಿನಾ ಬೆಳಿಗ್ಗೆ ಗಂಜಿಗೆ ಹಾಕಿ ತರುತ್ತಿದ್ದೆ, ಕುದಿಯುವ ಗಂಜಿಗೆ, ಎಂದಳು. ಮಾತು ಅಲ್ಲಿಗೆ ನಿಲ್ಲಬಹುದೆಂದು ಒಂದು ಕ್ಷಣ ಆಸೆಪಟ್ಟಳು.

"ಎಲ್ಲಿ ಕುದಿಸ್ತಿದ್ದೆ? ಇಲ್ಲಿ ಒಲೆ ಎಲ್ಲೈತೆ?" ಎಂದ ರಂಗೇಶ್.

"ಮನ್ಯಾಗೆ."

"ಅವ್ವನ ಒಲೆ ಮ್ಯಾಲೆ?"

ಅವಳು ಕವರಿನ ಗಂಟು ಬಿಗಿದಳು. ರಂಗೇಶ್ ಹಳ್ಳದ ಆಚೆ, ಹಟ್ಟಿಯ ಮುಳ್ಳುಬೇಲಿಯ ಕಡೆ ನೋಡಿದ, ಅಷ್ಟು ದೂರದಿಂದ ಯಾರಾದರೂ ಕೇಳಿಸಿಕೊಂಡರೋ ಎಂಬಂತೆ. ಪ್ರಸನ್ನಕುಮಾರನಿಗೆ ಇದರಲ್ಲಿ ಏನಾಯಿತು ಎಂದು ಅರ್ಥವಾಗದೆ, "ಹೋಗ್ಲಿ ಬಿಡ್ರಿ, ಕಾರಣ ಸಿಕ್ತಲ್ಲ" ಎಂದ. ಅವನಿಗೆ ಕೋಳಿಯ ಕಾಲಿನ ಲೆಕ್ಕ ಮಾತ್ರ. ಒಲೆಯನ್ನು ಒಡೆದು ಹೊಸ ಮಣ್ಣು ತಂದು ಹಾಕುವ ತನಕ ಅತ್ತೆ ಆ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ನಾಳೆ ಬಾವಿಯ ಬಳಿ ಹುಲಿಗೆಮ್ಮ ಏನೆನ್ನುತ್ತಾಳೆ ಎಂಬುದು?

ಮಾವ ಬರಿಮೈಯಲ್ಲಿ, ನೀರು ತೊಟ್ಟಿಕ್ಕುತ್ತಾ ಅವಳ ಎದುರಿಗೆ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. "ಹಂಗಾರೆ ನಾನು ಮರ್ತಿರ್ಲಿಲ್ಲ?" ಎಂದರು.

"ಇಲ್ಲ ಮಾವ."

"ದಿನಾ ಹಾಕೀನಿ?"

"ನಾನೇ ನೋಡೀನಿ ಮಾವ. ಒಂದಿನಾನೂ ತಪ್ಪಿಲ್ಲ."

ಅವರ ಮುಖ ಅರಳಿತು. ಕಳೆದುಹೋದ ಕುರಿಮರಿ ಸಿಕ್ಕ ದಿನ ಹೀಗೆ ಅರಳುತ್ತಿತ್ತು. ಮಗನ ಕಡೆ ತಿರುಗಿ, "ಕೇಳ್ದೇನಲೇ? ಮರ್ತಿಲ್ಲ ನಾನು. ನಂಗೆ ಗೊತ್ತಿತ್ತು, ಲೋಟ ಹಿಡ್ದಿದ್ದು ಕೈಗೆ ನೆಪ್ಪಿತ್ತು" ಎಂದರು. ಇಷ್ಟೇ ಸಾಕು ಎಂದು ಅವಳು ಬೇಡಿಕೊಂಡಳು, ಇಲ್ಲಿಗೇ ನಿಲ್ಲಲಿ. ಆದರೆ ಮಾವ ಒದ್ದೆ ಕೈಯನ್ನು ಡಬ್ಬದೊಳಗೆ ಇಳಿಸಿದರು. ಬೆರಳುಗಳಿಗೆ ಹಿಟ್ಟು ಮೆತ್ತಿತು. ಹೆಬ್ಬೆರಳಿಂದ ಅದನ್ನು ಉಜ್ಜುತ್ತಾ, ಉಜ್ಜುತ್ತಾ, ಅವರ ಮುಖ ನಿಧಾನವಾಗಿ ಬೇರೆಯಾಯಿತು. "ಇದು ಹಿಟ್ಟು ಅಂತ ಗೊತ್ತಾಗ್ಲಿಲ್ವಲ್ಲ ನಂಗೆ" ಎಂದರು. ಅವಳ ಕಡೆ ತಿರುಗಿ, "ಆಟ ಆಡಾಕೆ ಕೊಟ್ಟಿದ್ದೇನವ್ವ?" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು.

ಅಲ್ಲ ಅನ್ನಬಹುದಿತ್ತು. ನಿಮಗೆ ಬೇಜಾರಾಗಬಾರದು ಅಂತ, ಅನ್ನಬಹುದಿತ್ತು. "ಹೂಂ ಮಾವ" ಎಂದಳು.

ಪ್ರಸನ್ನಕುಮಾರ್ ಹಾಸು ತೆಗೆಸಿ ಹೊಸ ಸಿಪ್ಪೆ ಹಾಕಲು ಹೇಳಿದ. ಕುಂಟುವ ಕೋಳಿಗಳನ್ನು ಬೇರೆ ಮಾಡಿ, ಪುಡಿಯನ್ನು ಒಣಹಿಟ್ಟಿನಲ್ಲಿ ಮೊದಲು ಒಂದು ಪುಟ್ಟಿಗೆ ಮೂರು ಅಳತೆ ಬೆರೆಸಿ, ಆಮೇಲೆ ರಾಶಿಗೆ ಹಾಕಿದರೆ ಕೋಳಿ ಉಳಿದಾವು, ಎಂದ. ಬೈಕು ಹತ್ತುವಾಗ ರಂಗೇಶ್ ಅವಳ ಕಡೆ ನೋಡದೆ, "ಅವ್ವಂಗೆ ನೀನೇ ಹೇಳು. ನಾನ್ ಹೇಳಲ್ಲ" ಎಂದ. ಸ್ವಲ್ಪ ಮುಂದೆ ಹೋಗಿ ಬೈಕು ನಿಲ್ಲಿಸಿ, "ರಾಮಗಿರಿ ಮಾತು ಆಮ್ಯಾಕೆ ನೋಡಾಣ" ಎಂದು ಕೂಗಿದ. ಯಾರಿಗೆ ಹೇಳಿದ್ದೆಂದು ಗೊತ್ತಾಗುವಂತಿರಲಿಲ್ಲ. ಧೂಳು ಹಳ್ಳದ ಮೇಲೆ ಇಳಿಯಿತು. ನೇತ್ರಾವತಿ ಪುಟ್ಟಿಗೆ ಒಣಹಿಟ್ಟು ತುಂಬಿ, ಕವರಿನ ಗಂಟು ಬಿಚ್ಚಿ, ಲೋಟ ಹಿಡಿದು ಕುಕ್ಕರಗಾಲಲ್ಲಿ ಕೂತಳು. ಮಾವ ಅಂಗಿ ಹಾಕಿಕೊಂಡು ಬಂದು ಅವಳ ಪಕ್ಕ ನಿಂತರು. ಅವರ ನೆರಳು ಪುಟ್ಟಿಯ ಮೇಲೆ ಬಿತ್ತು. ಅವರು ಕೈ ಚಾಚಿದರು.

ಅವಳ ಬೆರಳು ಕವರನ್ನು ಬಿಡಲಿಲ್ಲ. ಒಂದು ಕ್ಷಣ ಅಷ್ಟೇ, ಆದರೆ ಮಾವ ಕಂಡರು. ಅವರು ಕಂಡದ್ದನ್ನು ಅವಳೂ ಕಂಡಳು. ಕೊಟ್ಟಳು. ಎದ್ದು ಸಲಿಕೆ ತೆಗೆದುಕೊಂಡು ಅವರಿಗೆ ಬೆನ್ನು ಮಾಡಿ ಒದ್ದೆ ಹಾಸನ್ನು ಕೆರೆಯತೊಡಗಿದಳು. ನೋಡಬಾರದು. ನೋಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಬಾರದು. ಆದರೆ ಕಿವಿಯನ್ನು ಏನು ಮಾಡುವುದು? ಲೋಟ ಕವರಿನೊಳಗೆ ಇಳಿದ ಸದ್ದು, ಹೆಬ್ಬೆರಳು ಅಂಚು ಸವರಿದ ಸದ್ದು, ಹಿಟ್ಟಿನ ಮೇಲೆ ಬಿದ್ದ ಮೆತ್ತನೆ ಸದ್ದು. ಒಂದು. ಮತ್ತೆ ಇಳಿಯಿತು, ಸವರಿತು, ಬಿತ್ತು. ಆಮೇಲೆ ಏನೂ ಕೇಳಲಿಲ್ಲ. ಅವಳು ಸಲಿಕೆ ನಿಲ್ಲಿಸಿದಳು. ನಿಲ್ಲಿಸಿದ್ದು ಅವರಿಗೆ ಗೊತ್ತಾಗುತ್ತದೆ ಎಂದು ಮತ್ತೆ ಕೆರೆದಳು. ಮಾವ ಮುಗಿಯಿತು ಎಂದುಕೊಂಡರೋ, ಎಲ್ಲಿದ್ದೇನೆ ಎಂದು ಹುಡುಕುತ್ತಿದ್ದಾರೋ, ಅಥವಾ ಅವಳು ತಿರುಗುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದಾರೋ. ಕೋಳಿಯೊಂದು ಅವಳ ಕಾಲ ಬೆರಳನ್ನು ಕುಕ್ಕಿತು. ತಿರುಗಿದರೆ ಇವತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ, ತಿರುಗದಿದ್ದರೆ ಕೋಳಿಗಳು. ಅವಳು ಬೆನ್ನನ್ನು ಗಟ್ಟಿ ಮಾಡಿಕೊಂಡು ನಿಂತಳು.

"ಎಷ್ಟಾತವ್ವ?" ಎಂದರು ಮಾವ.

"ಎರಡು" ಎಂದಳು ಅವಳು, ತಿರುಗದೆ. "ಇನ್ನೊಂದು ಹಾಕ್ರಿ."